ಹೆರಿಗೆ ವೇತನದ ಲೆಕ್ಕಾಚಾರ: ಸದಸ್ಯರು ಅರಿತಿರಬೇಕಾದ ಅಂಶಗಳು

ಗ್ರಾಮದಿಂದ ಕಾರ್ಖಾನೆ, ಕಂಪನಿಗಳಿಗೆ ದುಡಿಯಲು ಹೋಗುವ ಮಹಿಳೆಯರಿಗೆ ದೊರೆತ ಹೆರಿಗೆ ವೇತನ ಸರಿಯಿದೆಯೇ ಎಂಬುದನ್ನು ಸದಸ್ಯರೇ ಪರಿಶೀಲಿಸಬಹುದು.

ಸಂಬಳದ ಚೀಟಿಯಲ್ಲಿ ಇಎಸ್‌ಐ ವಂತಿಗೆ ಕಡಿತವಾಗುತ್ತಿದ್ದಲ್ಲಿ ಸೌಲಭ್ಯವನ್ನು ಇಎಸ್‌ಐ ನಿಗಮ ನೀಡುತ್ತದೆ. ಕಾಯ್ದೆಯ ವ್ಯಾಪ್ತಿಗೆ ಬರುವ ಇತರರಿಗೆ ಉದ್ಯೋಗದಾತರೇ ಪಾವತಿಸಬೇಕು. 1961ರ ಹೆರಿಗೆ ಪ್ರಯೋಜನ ಅಧಿನಿಯಮದ ಲೆಕ್ಕದ ಕ್ರಮವನ್ನು 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಉಳಿಸಿಕೊಂಡಿದೆ. ನಿರೀಕ್ಷಿತ ಹೆರಿಗೆ ದಿನಾಂಕದ ಹಿಂದಿನ 12 ತಿಂಗಳಲ್ಲಿ ಆ ಸಂಸ್ಥೆಯಲ್ಲಿ ಕನಿಷ್ಠ 80 ದಿನ ಕೆಲಸ ಮಾಡಿರಬೇಕು.

ರಜೆಗೆ ಹಿಂದಿನ 3 ಕ್ಯಾಲೆಂಡರ್ ತಿಂಗಳಲ್ಲಿ ಕೆಲಸ ಮಾಡಿದ ದಿನಗಳ ವೇತನವನ್ನು ಆ ದಿನಗಳ ಸಂಖ್ಯೆಯಿಂದ ಭಾಗಿಸಿದರೆ ಸರಾಸರಿ ದಿನವೇತನ ದೊರೆಯುತ್ತದೆ. ಅದು ನಿಗದಿತ ಕನಿಷ್ಠ ವೇತನಕ್ಕಿಂತ ಕಡಿಮೆಯಿರುವಂತಿಲ್ಲ.

ಉದಾಹರಣೆಗೆ, 78 ದಿನಗಳ ವೇತನ 70,200 ರೂ. ಆದಲ್ಲಿ ದಿನಕ್ಕೆ 900 ರೂ. ಮೊದಲೆರಡು ಮಕ್ಕಳಿಗೆ 26 ವಾರ, ಅಂದರೆ 182 ದಿನ. ಮೊತ್ತ 1,63,800 ರೂ. ಈಗಾಗಲೇ ಇಬ್ಬರು ಮಕ್ಕಳಿದ್ದಲ್ಲಿ 12 ವಾರ, ಅಂದರೆ 84 ದಿನ. ಮೊತ್ತ 75,600 ರೂ.

ಭಾನುವಾರಗಳನ್ನು ಕಳೆದು 156 ದಿನಕ್ಕಷ್ಟೇ ಪಾವತಿಸಿದರೆ ತಾಯಿಗೆ 23,400 ರೂ., ಅಂದರೆ ಒಂದು ತಿಂಗಳ ಗಳಿಕೆಯೇ ನಷ್ಟ. ವಾರವೆಂದರೆ ಭಾನುವಾರವೂ ಸೇರಿ 7 ದಿನ ಎಂದು ಸುಪ್ರೀಂ ಕೋರ್ಟ್ 1977ರಲ್ಲಿಯೇ ಸ್ಪಷ್ಟಪಡಿಸಿದೆ.

ಹೆರಿಗೆಗೆ ಮುಂಚಿನ ಅವಧಿಯ ಹಣವನ್ನು ಮುಂಗಡವಾಗಿಯೂ, ಉಳಿದದ್ದನ್ನು ಹೆರಿಗೆಯ ಪುರಾವೆ ಸಲ್ಲಿಸಿದ 48 ಗಂಟೆಯೊಳಗೂ ನೀಡಬೇಕು. ಆದ್ದರಿಂದ ಗರ್ಭಿಣಿಯರು ಸಂಬಳದ ಚೀಟಿ, ಹಾಜರಾತಿ ವಿವರ ಹಾಗೂ ತಾಯಿ ಕಾರ್ಡನ್ನು ಜೋಪಾನವಾಗಿಡುವಂತೆ ಸದಸ್ಯರು ತಿಳಿವಳಿಕೆ ನೀಡುವುದು. ವ್ಯತ್ಯಾಸ ಕಂಡಲ್ಲಿ ಕಾರ್ಮಿಕ ಇಲಾಖೆಗೆ ಲಿಖಿತ ದೂರು ಸಲ್ಲಿಸಲು ನೆರವಾಗುವುದು.