ವಿದ್ಯುತ್ ಕಾರು ಖರೀದಿಯಲ್ಲಿ ಗ್ರಾಹಕರ ಹಿಂಜರಿಕೆ

ವಿದ್ಯುತ್ ಕಾರು ಖರೀದಿಯಲ್ಲಿ ಗ್ರಾಹಕರ ಹಿಂಜರಿಕೆ ಎಂಬುದು ಪರಿಸರದ ಬಗ್ಗೆ ಕಾಳಜಿಯುಳ್ಳ ಜನರೂ ವಿದ್ಯುತ್ ಚಾಲಿತ ಕಾರನ್ನು ಕೊಳ್ಳುವ ನಿರ್ಧಾರವನ್ನು ಮುಂದೂಡುವ ಅಥವಾ ಪೆಟ್ರೋಲ್, ಡೀಸೆಲ್ ಕಾರನ್ನೇ ಆಯ್ದುಕೊಳ್ಳುವ ಪ್ರವೃತ್ತಿಯಾಗಿದೆ. ಸಾಮಾಜಿಕ ಮನೋವಿಜ್ಞಾನದಲ್ಲಿ ಇದನ್ನು ಮನೋಭಾವ ಮತ್ತು ವರ್ತನೆಯ ನಡುವಿನ ಅಂತರಕ್ಕೆ ನಿದರ್ಶನವಾಗಿ ಪರಿಗಣಿಸಲಾಗುತ್ತದೆ. 2024ರಲ್ಲಿ ಭಾರತದಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ವಿದ್ಯುತ್ ಕಾರುಗಳ ಪಾಲು ಸುಮಾರು ಶೇ. 2ರಿಂದ 3ರಷ್ಟಿತ್ತು. ಅದೇ ವರ್ಷ ನಾರ್ವೆ ದೇಶದಲ್ಲಿ ಈ ಪಾಲು ಸುಮಾರು ಶೇ. 89ಕ್ಕೆ ತಲುಪಿತ್ತು. ಬೆಲೆ, ಚಾರ್ಜಿಂಗ್ ಸೌಲಭ್ಯ, ಬ್ಯಾಟರಿಯ ಬಾಳಿಕೆ, ಮರುಮಾರಾಟದ ಮೌಲ್ಯ ಮತ್ತು ಸರ್ಕಾರದ ನೀತಿಗಳು ಈ ಹಿಂಜರಿಕೆಯ ಪ್ರಮುಖ ಕಾರಣಗಳಾಗಿವೆ.

ಹಿನ್ನೆಲೆ

ಭಾರತದ ವಿದ್ಯುತ್ ಕಾರಿನ ಇತಿಹಾಸವು ಬೆಂಗಳೂರಿನೊಂದಿಗೆ ಬೆಸೆದುಕೊಂಡಿದೆ. ಚೇತನ್ ಮೈನಿ ಅವರ ನೇತೃತ್ವದಲ್ಲಿ ಇಲ್ಲಿ ರೂಪುಗೊಂಡ ‘ರೇವಾ’ ಕಾರು 2001ರಲ್ಲಿ ಮಾರುಕಟ್ಟೆಗೆ ಬಂದಿತು. ಲಂಡನ್ ನಗರದಲ್ಲಿ ಇದು ‘ಜಿ-ವಿಜ್’ ಎಂಬ ಹೆಸರಿನಲ್ಲಿ ಮಾರಾಟವಾಯಿತು. ಎರಡು ಬಾಗಿಲುಗಳ ಈ ಪುಟ್ಟ ಕಾರು ಒಮ್ಮೆ ಚಾರ್ಜ್ ಮಾಡಿದರೆ ಸುಮಾರು 80 ಕಿ.ಮೀ. ಚಲಿಸುತ್ತಿತ್ತು. ನಗರದೊಳಗಿನ ದಿನನಿತ್ಯದ ಓಡಾಟಕ್ಕೆ ಅಷ್ಟು ದೂರ ಸಾಕಾಗುತ್ತಿದ್ದರೂ ಮಾರಾಟವು ಕೆಲವೇ ಸಾವಿರಗಳಿಗೆ ಸೀಮಿತವಾಯಿತು. 2010ರಲ್ಲಿ ಮಹೀಂದ್ರಾ ಸಂಸ್ಥೆಯು ಈ ಕಂಪನಿಯ ಬಹುಪಾಲು ಷೇರುಗಳನ್ನು ಖರೀದಿಸಿತು. 2020ರ ಜನವರಿಯಲ್ಲಿ ಬಿಡುಗಡೆಯಾದ ಟಾಟಾ ನೆಕ್ಸಾನ್ ಇವಿ ಕಾರಿನೊಂದಿಗೆ ಖಾಸಗಿ ಗ್ರಾಹಕರ ಮಾರುಕಟ್ಟೆಯು ಗಮನಾರ್ಹವಾಗಿ ಬೆಳೆಯತೊಡಗಿತು.

ಮನೋಭಾವ ಮತ್ತು ವರ್ತನೆಯ ಅಂತರ

ಜನರು ಹೇಳುವುದಕ್ಕೂ ಮಾಡುವುದಕ್ಕೂ ವ್ಯತ್ಯಾಸವಿರಬಹುದೆಂಬುದನ್ನು ಅಮೆರಿಕದ ಸಮಾಜಶಾಸ್ತ್ರಜ್ಞ ರಿಚರ್ಡ್ ಲಾಪಿಯರ್ 1934ರಷ್ಟು ಹಿಂದೆಯೇ ತೋರಿಸಿದ್ದರು. ಐಸೆಕ್ ಐಜೆನ್ 1991ರಲ್ಲಿ ವಿವರಿಸಿದ ‘ಯೋಜಿತ ವರ್ತನೆಯ ಸಿದ್ಧಾಂತ’ದ ಪ್ರಕಾರ, ಒಂದು ಕಾರ್ಯದ ಬಗ್ಗೆ ಒಳ್ಳೆಯ ಅಭಿಪ್ರಾಯವಿದ್ದರಷ್ಟೇ ಸಾಲದು. ಸುತ್ತಲಿನವರ ನಿರೀಕ್ಷೆ ಹಾಗೂ ‘ಇದು ನನ್ನಿಂದ ಸಾಧ್ಯ’ ಎಂಬ ನಂಬಿಕೆಯೂ ವ್ಯಕ್ತಿಯ ನಿರ್ಧಾರವನ್ನು ರೂಪಿಸುತ್ತವೆ. ಬಾಡಿಗೆ ಮನೆಯಲ್ಲಿದ್ದು ರಸ್ತೆಬದಿಯಲ್ಲಿ ಕಾರು ನಿಲ್ಲಿಸುವ ವ್ಯಕ್ತಿಗೆ ಪರಿಸರ ಪ್ರೀತಿ ಎಷ್ಟೇ ಇದ್ದರೂ ಈ ಮೂರನೆಯ ಅಂಶವು ಇಲ್ಲವಾಗುತ್ತದೆ.

ಲಾಭ ಮತ್ತು ಹೊರೆಯ ಹಂಚಿಕೆಯೂ ಇಲ್ಲಿ ಮುಖ್ಯವಾಗಿದೆ. ಹೊಗೆ ಕಡಿಮೆಯಾದರೆ ಅದರ ಪ್ರಯೋಜನವು ಇಡೀ ನಗರಕ್ಕೆ ದೊರೆಯುತ್ತದೆ. ಆದರೆ ಹೆಚ್ಚಿನ ಬೆಲೆ, ಚಾರ್ಜಿಂಗ್‌ನ ಅನನುಕೂಲ ಮತ್ತು ಹೊಸ ತಂತ್ರಜ್ಞಾನದ ಅಪಾಯವನ್ನು ಕೊಳ್ಳುವವರು ಮಾತ್ರ ಹೊರಬೇಕಾಗುತ್ತದೆ. ಆದುದರಿಂದ ಹಿಂಜರಿಕೆಯನ್ನು ಕೇವಲ ಆಷಾಢಭೂತಿತನವೆಂದು ಭಾವಿಸುವುದು ಸರಿಯಾಗದು.

ಹಿಂಜರಿಕೆಯ ಕಾರಣಗಳು

ಆರಂಭಿಕ ಬೆಲೆ

ವಿದ್ಯುತ್ ಕಾರಿನ ಬೆಲೆಯಲ್ಲಿ ಬ್ಯಾಟರಿಯ ಪಾಲು ದೊಡ್ಡದು. ಬ್ಲೂಮ್‌ಬರ್ಗ್‌ಎನ್‌ಇಎಫ್ ಸಂಸ್ಥೆಯ ಸಮೀಕ್ಷೆಯಂತೆ ಬ್ಯಾಟರಿಯ ಸರಾಸರಿ ಬೆಲೆಯು 2010ರಲ್ಲಿ ಪ್ರತಿ ಕಿಲೋವ್ಯಾಟ್-ಗಂಟೆಗೆ 1,000 ಡಾಲರ್‌ಗಿಂತ ಹೆಚ್ಚಿದ್ದು, 2024ರ ವೇಳೆಗೆ 115 ಡಾಲರ್‌ಗೆ ಇಳಿದಿದೆ. ಆದರೂ ಒಂದೇ ಗಾತ್ರದ ಪೆಟ್ರೋಲ್ ಕಾರಿಗಿಂತ ವಿದ್ಯುತ್ ಕಾರು ಸಾಮಾನ್ಯವಾಗಿ ದುಬಾರಿಯಾಗಿರುತ್ತದೆ.

ಈ ವ್ಯತ್ಯಾಸವು ಇಂಧನದ ಉಳಿತಾಯದಿಂದ ಯಾವಾಗ ತುಂಬಿಬರುತ್ತದೆ ಎಂಬುದು ಬಳಕೆಯನ್ನು ಅವಲಂಬಿಸಿದೆ. ಉದಾಹರಣೆಗೆ, ಪೆಟ್ರೋಲ್ ಕಾರಿಗೆ ಪ್ರತಿ ಕಿ.ಮೀ.ಗೆ 7 ರೂಪಾಯಿ, ಮನೆಯಲ್ಲಿ ಚಾರ್ಜ್ ಮಾಡುವ ವಿದ್ಯುತ್ ಕಾರಿಗೆ 1 ರೂಪಾಯಿ ಖರ್ಚಾಗುತ್ತದೆ ಮತ್ತು ಎರಡರ ಬೆಲೆಯ ಅಂತರ 3 ಲಕ್ಷ ರೂಪಾಯಿ ಎಂದು ಭಾವಿಸಿದರೆ, 50,000 ಕಿ.ಮೀ. ಓಡಿದ ಮೇಲೆ ಲೆಕ್ಕ ಸರಿಹೋಗುತ್ತದೆ. ವರ್ಷಕ್ಕೆ 25,000 ಕಿ.ಮೀ. ಓಡಿಸುವವರಿಗೆ ಇದು ಎರಡು ವರ್ಷಗಳ ಮಾತು. ವರ್ಷಕ್ಕೆ 8,000 ಕಿ.ಮೀ. ಮಾತ್ರ ಓಡಿಸುವ ಕುಟುಂಬಕ್ಕೆ ಆರು ವರ್ಷಗಳಿಗೂ ಹೆಚ್ಚು ಕಾಲ ಬೇಕು. ಮುಂದೆ ಬರುವ ಉಳಿತಾಯಕ್ಕಿಂತ ಇಂದು ಕೈಬಿಡುವ ಹಣಕ್ಕೆ ಹೆಚ್ಚು ತೂಕ ಕೊಡುವುದು ಮನುಷ್ಯ ಸ್ವಭಾವವಾದ್ದರಿಂದ ಇಂತಹ ಕುಟುಂಬಗಳು ಹಿಂಜರಿಯುತ್ತವೆ.

ದೂರದ ಪ್ರಯಾಣದ ಆತಂಕ

ದಾರಿಯ ನಡುವೆ ಬ್ಯಾಟರಿ ಬರಿದಾಗಬಹುದೆಂಬ ಭಯವನ್ನು ‘ರೇಂಜ್ ಆತಂಕ’ ಎನ್ನುತ್ತಾರೆ. ಪರೀಕ್ಷಾ ಕೇಂದ್ರದಲ್ಲಿ ಪ್ರಮಾಣೀಕರಿಸಿದ ದೂರಕ್ಕೂ ರಸ್ತೆಯಲ್ಲಿ ದೊರೆಯುವ ದೂರಕ್ಕೂ ವ್ಯತ್ಯಾಸವಿರುತ್ತದೆ. ನೆಕ್ಸಾನ್ ಇವಿಯ ಮೊದಲ ಆವೃತ್ತಿಗೆ 312 ಕಿ.ಮೀ. ದೂರವನ್ನು ಪ್ರಮಾಣೀಕರಿಸಲಾಗಿತ್ತು. ವೇಗ, ಹವಾನಿಯಂತ್ರಣ, ಘಟ್ಟದ ಏರು ಮತ್ತು ಪ್ರಯಾಣಿಕರ ಭಾರಕ್ಕೆ ಅನುಗುಣವಾಗಿ ನಿಜವಾದ ದೂರವು ಇದಕ್ಕಿಂತ ಕಡಿಮೆಯಾಗುತ್ತಿತ್ತು.

ಗ್ರಾಹಕರು ಕಾರನ್ನು ಪ್ರತಿದಿನದ ಬಳಕೆಯಿಂದಲ್ಲದೆ ಅಪರೂಪದ ಬಳಕೆಯಿಂದ ಅಳೆಯುವುದು ಈ ಆತಂಕದ ಮೂಲ. ಕಚೇರಿಗೆ ಹೋಗಿಬರಲು ದಿನಕ್ಕೆ 40 ಕಿ.ಮೀ. ಸಾಕಾಗುವ ಕುಟುಂಬವು, ವರ್ಷಕ್ಕೆ ಎರಡು ಮೂರು ಬಾರಿ ಊರಿನ ಹಬ್ಬಕ್ಕೋ ಮದುವೆಗೋ ಹೋಗುವ ದಿನವನ್ನು ಮನಸ್ಸಿನಲ್ಲಿಟ್ಟುಕೊಂಡು ಕಾರನ್ನು ಆರಿಸುತ್ತದೆ. ಬೆಂಗಳೂರಿನಿಂದ ಮಂಗಳೂರಿಗೆ ಸುಮಾರು 350 ಕಿ.ಮೀ. ದೂರವಿದೆ. ಒಮ್ಮೆ ಚಾರ್ಜ್ ಮಾಡಿದರೆ 200 ಕಿ.ಮೀ. ಓಡುವ ಕಾರನ್ನು ಹಾಸನದ ಆಸುಪಾಸಿನಲ್ಲಿ ನಿಲ್ಲಿಸಿ ಚಾರ್ಜ್ ಮಾಡಲೇಬೇಕಾಗುತ್ತದೆ. ಮನೆಯಲ್ಲಿ ಒಂದೇ ಕಾರು ಇರುವವರಿಗೆ ಇದು ಸಣ್ಣ ವಿಷಯವಲ್ಲ.

ಚಾರ್ಜಿಂಗ್ ಸೌಲಭ್ಯ

ಸುಮಾರು 30 ಕಿಲೋವ್ಯಾಟ್-ಗಂಟೆ ಸಾಮರ್ಥ್ಯದ ಬ್ಯಾಟರಿಯನ್ನು ಮನೆಯ 15 ಆಂಪಿಯರ್ ಸಾಕೆಟ್‌ನಿಂದ ಪೂರ್ಣವಾಗಿ ತುಂಬಲು 9ರಿಂದ 10 ಗಂಟೆ ಬೇಕು. ವೇಗದ ಚಾರ್ಜರ್‌ನಲ್ಲಿ ಸುಮಾರು ಒಂದು ಗಂಟೆಯಲ್ಲಿ ಶೇ. 80ರಷ್ಟು ತುಂಬಬಹುದು. ರಾತ್ರಿಯಿಡೀ ಕಾರು ನಿಲ್ಲುವ ಸ್ವಂತ ಜಾಗವಿದ್ದವರಿಗೆ ಮೊದಲನೆಯ ವಿಧಾನವೇ ಸಾಕು. ಇಲ್ಲದವರು ಸಾರ್ವಜನಿಕ ಕೇಂದ್ರಗಳನ್ನು ನೆಚ್ಚಬೇಕು. ಅಲ್ಲಿ ಯೂನಿಟ್ ದರವು ಸಾಮಾನ್ಯವಾಗಿ ಮನೆಯ ದರಕ್ಕಿಂತ ಹೆಚ್ಚಿರುವುದರಿಂದ ಉಳಿತಾಯದ ಲೆಕ್ಕವೂ ಬದಲಾಗುತ್ತದೆ.

2024ರ ಕೊನೆಯಲ್ಲಿ ಭಾರತದಲ್ಲಿ ಸುಮಾರು 25,000 ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳಿದ್ದು, ರಾಜ್ಯಗಳ ಪೈಕಿ ಕರ್ನಾಟಕವು ಮೊದಲ ಸ್ಥಾನದಲ್ಲಿತ್ತು. ಹೊಸ ಕಟ್ಟಡಗಳ ವಾಹನ ನಿಲುಗಡೆ ಜಾಗದ ಶೇ. 20ರಷ್ಟು ಭಾಗಕ್ಕೆ ಚಾರ್ಜಿಂಗ್ ವ್ಯವಸ್ಥೆ ಇರಬೇಕೆಂದು ಕೇಂದ್ರ ಸರ್ಕಾರವು 2019ರಲ್ಲಿ ಮಾದರಿ ಕಟ್ಟಡ ಉಪವಿಧಿಗಳಿಗೆ ತಿದ್ದುಪಡಿ ತಂದಿತು. ಹಳೆಯ ಅಪಾರ್ಟ್‌ಮೆಂಟ್‌ಗಳಲ್ಲಿ ಮಾತ್ರ ವಿದ್ಯುತ್ ಭಾರದ ಮಿತಿ, ತಂತಿ ಎಳೆಯುವ ವೆಚ್ಚ ಮತ್ತು ನಿವಾಸಿಗಳ ಸಂಘದ ಒಪ್ಪಿಗೆ ಇವೆಲ್ಲವೂ ಅಡ್ಡಿಯಾಗಬಹುದು.

ಬ್ಯಾಟರಿ ಮತ್ತು ಮರುಮಾರಾಟ

ಹಲವು ತಯಾರಕರು ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ.ಗಳ ವಾರಂಟಿ ನೀಡುತ್ತಾರೆ. ಅದರ ನಂತರ ಬದಲಿ ಬ್ಯಾಟರಿಗೆ ತಗಲುವ ವೆಚ್ಚವು ಗ್ರಾಹಕರನ್ನು ಚಿಂತೆಗೀಡುಮಾಡುತ್ತದೆ. ಬಳಸಿದ ಬ್ಯಾಟರಿಯ ಸ್ಥಿತಿಯನ್ನು ಹೊರಗಿನಿಂದ ನೋಡಿ ತಿಳಿಯಲಾಗದು. ಮಾರುವವನಿಗೆ ಗೊತ್ತಿರುವುದು ಕೊಳ್ಳುವವನಿಗೆ ಗೊತ್ತಿಲ್ಲದಿದ್ದರೆ ಒಳ್ಳೆಯ ವಸ್ತುವಿಗೂ ಕಡಿಮೆ ಬೆಲೆ ಬರುತ್ತದೆ ಎಂದು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯ ಉದಾಹರಣೆಯಿಂದಲೇ ವಿವರಿಸಿದ್ದರು. ವಿದ್ಯುತ್ ಕಾರುಗಳಿಗೆ ಈ ಮಾತು ಇನ್ನಷ್ಟು ಅನ್ವಯಿಸುತ್ತದೆ.

2022ರಲ್ಲಿ ಭಾರತದಲ್ಲಿ ಕೆಲವು ವಿದ್ಯುತ್ ಸ್ಕೂಟರ್‌ಗಳಿಗೆ ಬೆಂಕಿ ತಗುಲಿದ ಘಟನೆಗಳು ಕಾರುಗಳ ಬಗೆಗೂ ಭಯ ಹುಟ್ಟಿಸಿದವು. ಬಳಿಕ ಸರ್ಕಾರವು ಬ್ಯಾಟರಿಯ ಸುರಕ್ಷತಾ ಮಾನದಂಡಗಳನ್ನು ಬಿಗಿಗೊಳಿಸಿತು.

ಪರಿಸರದ ಲಾಭದ ಬಗ್ಗೆ ಸಂದೇಹ

ಭಾರತದ ವಿದ್ಯುತ್ ಉತ್ಪಾದನೆಯಲ್ಲಿ ಕಲ್ಲಿದ್ದಲಿನ ಪಾಲು ಸುಮಾರು ಮುಕ್ಕಾಲು ಭಾಗವಿದೆ. ಹೀಗಾಗಿ ಹೊಗೆಯು ರಸ್ತೆಯಿಂದ ಸ್ಥಾವರಕ್ಕೆ ಸ್ಥಳಾಂತರವಾಗುತ್ತದೆಯಷ್ಟೇ ಎಂಬ ಆಕ್ಷೇಪವಿದೆ. ಬ್ಯಾಟರಿಯ ತಯಾರಿಕೆಯಲ್ಲೂ ಹೆಚ್ಚು ಇಂಗಾಲ ಹೊರಬೀಳುತ್ತದೆ. ಇದಕ್ಕೆ ಪ್ರತಿಯಾಗಿ, ವಿದ್ಯುತ್ ಮೋಟಾರು ಪೆಟ್ರೋಲ್ ಎಂಜಿನ್ನಿಗಿಂತ ಬಹಳ ದಕ್ಷವಾಗಿದ್ದು ಶಕ್ತಿಯ ಹೆಚ್ಚಿನ ಭಾಗವನ್ನು ಚಲನೆಗೆ ಬಳಸುತ್ತದೆ. ಕಾರು ಹೆಚ್ಚು ಓಡಿದಷ್ಟೂ, ವಿದ್ಯುತ್ತಿನ ಮೂಲ ಸ್ವಚ್ಛವಾದಷ್ಟೂ ಲಾಭವು ಹೆಚ್ಚುತ್ತದೆ. ಶರಾವತಿಯಂತಹ ಜಲವಿದ್ಯುತ್ ಯೋಜನೆಗಳು ಹಾಗೂ 2,050 ಮೆಗಾವ್ಯಾಟ್ ಸಾಮರ್ಥ್ಯದ ಪಾವಗಡ ಸೌರ ಉದ್ಯಾನವನ್ನು ಹೊಂದಿರುವ ಕರ್ನಾಟಕವು ಈ ದೃಷ್ಟಿಯಿಂದ ಅನುಕೂಲಕರ ಸ್ಥಿತಿಯಲ್ಲಿದೆ.

ಸರ್ಕಾರದ ನೀತಿಗಳ ಪ್ರಭಾವ

ವಿದ್ಯುತ್ ವಾಹನಗಳ ಮೇಲಿನ ಜಿಎಸ್‌ಟಿಯನ್ನು 2019ರ ಆಗಸ್ಟ್‌ನಲ್ಲಿ ಶೇ. 12ರಿಂದ 5ಕ್ಕೆ ಇಳಿಸಲಾಯಿತು. ಅದೇ ವರ್ಷ ಆರಂಭವಾದ ಫೇಮ್-2 ಯೋಜನೆಯಲ್ಲಿ ಕಾರುಗಳ ಸಹಾಯಧನವು ವಾಣಿಜ್ಯ ಬಳಕೆಗೆ ಮೀಸಲಾಗಿದ್ದು, ಖಾಸಗಿ ಖರೀದಿದಾರರಿಗೆ ದೊರೆಯಲಿಲ್ಲ. 2017ರಲ್ಲಿ ಕರ್ನಾಟಕವು ವಿದ್ಯುತ್ ವಾಹನ ನೀತಿಯನ್ನು ಪ್ರಕಟಿಸಿದ ದೇಶದ ಮೊದಲ ರಾಜ್ಯವಾಯಿತು. ರಾಜ್ಯದಲ್ಲಿ ವಿದ್ಯುತ್ ವಾಹನಗಳಿಗೆ ರಸ್ತೆ ತೆರಿಗೆಯ ವಿನಾಯಿತಿಯಿತ್ತು. 2024ರಲ್ಲಿ 25 ಲಕ್ಷ ರೂಪಾಯಿಗಿಂತ ಹೆಚ್ಚು ಬೆಲೆಯ ಕಾರುಗಳಿಗೆ ಶೇ. 10ರಷ್ಟು ತೆರಿಗೆಯನ್ನು ವಿಧಿಸಲಾಯಿತು. 2025ರ ಸೆಪ್ಟೆಂಬರ್‌ನಲ್ಲಿ ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ ಶೇ. 18ಕ್ಕೆ ಇಳಿದಾಗ ವಿದ್ಯುತ್ ಕಾರುಗಳಿಗಿದ್ದ ತೆರಿಗೆಯ ಅನುಕೂಲವು ಕಿರಿದಾಯಿತು.

ನೀತಿಯಲ್ಲಿನ ಹಠಾತ್ ಬದಲಾವಣೆಯೂ ಹಿಂಜರಿಕೆಗೆ ಕಾರಣವಾಗುತ್ತದೆ. ಜರ್ಮನಿಯು 2023ರ ಡಿಸೆಂಬರ್‌ನಲ್ಲಿ ಖರೀದಿಯ ಸಹಾಯಧನವನ್ನು ದಿಢೀರನೆ ನಿಲ್ಲಿಸಿದ ಮರುವರ್ಷ ಅಲ್ಲಿ ವಿದ್ಯುತ್ ಕಾರುಗಳ ಮಾರಾಟವು ಗಣನೀಯವಾಗಿ ಕುಸಿಯಿತು.

ನಾರ್ವೆಯ ಅನುಭವ

ನಾರ್ವೆಯು 1990ರ ದಶಕದಿಂದಲೇ ವಿದ್ಯುತ್ ಕಾರುಗಳಿಗೆ ಖರೀದಿ ತೆರಿಗೆ ಹಾಗೂ ರಸ್ತೆ ಸುಂಕದ ವಿನಾಯಿತಿಯನ್ನು ನೀಡಿತು. 2001ರಲ್ಲಿ ಮೌಲ್ಯವರ್ಧಿತ ತೆರಿಗೆಯನ್ನೂ ಮನ್ನಾ ಮಾಡಿತು. ಪೆಟ್ರೋಲ್ ಮತ್ತು ಡೀಸೆಲ್ ಕಾರುಗಳ ಮೇಲೆ ಭಾರಿ ತೆರಿಗೆಯಿದ್ದುದರಿಂದ ಬೆಲೆಯ ಅಂತರ ಅಳಿಸಿಹೋಯಿತು. ಚಳಿಯಲ್ಲಿ ಬ್ಯಾಟರಿಯ ಸಾಮರ್ಥ್ಯ ಕುಗ್ಗುತ್ತದೆಯಾದರೂ ಚಳಿಯ ದೇಶವಾದ ನಾರ್ವೆಯಲ್ಲೇ ಈ ಕಾರುಗಳು ಅತಿ ಹೆಚ್ಚು ಸ್ವೀಕಾರ ಪಡೆದಿವೆ. ಜನರ ಪರಿಸರ ಕಾಳಜಿಯೊಂದರಿಂದಲೇ ಇದು ಸಾಧ್ಯವಾಗಲಿಲ್ಲ. ಕಾಳಜಿಯುಳ್ಳವರು ತೆರಬೇಕಾದ ಹೆಚ್ಚುವರಿ ಬೆಲೆಯನ್ನು ದಶಕಗಳ ಕಾಲ ಸ್ಥಿರವಾದ ನೀತಿಯ ಮೂಲಕ ತಗ್ಗಿಸಿದ್ದು ಇದಕ್ಕೆ ಮುಖ್ಯ ಕಾರಣವಾಗಿದೆ.