ಸಿಮೆಂಟು ಬೇರೆ, ಕಾಂಕ್ರೀಟು ಬೇರೆ

ಊರಿನ ಬೀದಿಗೆ ಹೊಸದಾಗಿ ಹಾಸಿದ ಗಟ್ಟಿ ರಸ್ತೆಯನ್ನು ಜನರು ‘ಸಿಮೆಂಟು ರಸ್ತೆ’ ಎನ್ನುತ್ತಾರೆ. ಮನೆಯ ತಾರಸಿ, ನೀರಿನ ತೊಟ್ಟಿ, ಸೇತುವೆಯ ಕಂಬ ಇವೆಲ್ಲವೂ ಆಡುಮಾತಿನಲ್ಲಿ ‘ಸಿಮೆಂಟಿನವು’. ವ್ಯವಹಾರಕ್ಕೆ ಈ ಮಾತು ಸಾಕು. ಆದರೆ ವಿಜ್ಞಾನದ ದೃಷ್ಟಿಯಿಂದ ಇದು ಕಡಲೆಕಾಯಿ ಉಂಡೆಯನ್ನು ಬೆಲ್ಲವೆಂದು ಕರೆದಂತೆ. ಉಂಡೆಯಲ್ಲಿ ಬೀಜಗಳನ್ನು ಒಂದಕ್ಕೊಂದು ಹಿಡಿದಿಡುವುದು ಬೆಲ್ಲದ ಪಾಕ. ಹಾಗೆಯೇ ಜಲ್ಲಿಯನ್ನೂ ಮರಳನ್ನೂ ಹಿಡಿದು ನಿಲ್ಲಿಸುವ ಅಂಟು ಸಿಮೆಂಟು. ಇವು ಮೂರೂ ನೀರಿನೊಡನೆ ಬೆರೆತು ಗಟ್ಟಿಯಾದ ಕೃತಕ ಶಿಲೆಯೇ ಕಾಂಕ್ರೀಟು. ಜಲ್ಲಿಯನ್ನು ಬಿಟ್ಟು ಸಿಮೆಂಟು, ಮರಳು, ನೀರು ಮಾತ್ರ ಸೇರಿದರೆ ಅದು ಇಟ್ಟಿಗೆಗಳನ್ನು ಜೋಡಿಸಲು ಬಳಸುವ ಗಾರೆ.

ಸಿಮೆಂಟು ಕಾರ್ಖಾನೆಯಲ್ಲಿ ಹುಟ್ಟುವ ವಸ್ತು. ಸುಣ್ಣಕಲ್ಲನ್ನೂ ಜೇಡಿಮಣ್ಣನ್ನೂ ತಕ್ಕ ಪ್ರಮಾಣದಲ್ಲಿ ನುಣ್ಣಗೆ ಅರೆದು, ನಿಧಾನವಾಗಿ ತಿರುಗುವ ಉದ್ದನೆಯ ಕುಲುಮೆಯಲ್ಲಿ ಸುಮಾರು ೧೪೫೦ ಡಿಗ್ರಿ ಸೆಲ್ಸಿಯಸ್ ಉಷ್ಣತೆಗೆ ಕಾಯಿಸುತ್ತಾರೆ. ಆಗ ಸುಣ್ಣಕಲ್ಲು ತನ್ನಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಬಿಟ್ಟುಕೊಟ್ಟು ಸುಣ್ಣವಾಗುತ್ತದೆ. ಆ ಸುಣ್ಣವು ಜೇಡಿಯಲ್ಲಿರುವ ಸಿಲಿಕ, ಅಲ್ಯುಮಿನಗಳೊಡನೆ ಕೂಡಿ ‘ಕ್ಲಿಂಕರ್’ ಎಂಬ ಬೂದುಬಣ್ಣದ ಗಟ್ಟಿ ಗುಂಡುಗಳಾಗುತ್ತದೆ. ಇದಕ್ಕೆ ಸ್ವಲ್ಪ ಜಿಪ್ಸಂ ಸೇರಿಸಿ ನುಣ್ಣನೆಯ ಪುಡಿ ಮಾಡಿದರೆ ಸಿಮೆಂಟು ಸಿದ್ಧವಾಯಿತು. ಜಿಪ್ಸಂ ಇಲ್ಲದಿದ್ದರೆ ನೀರು ತಾಗಿದ ಕೆಲವೇ ನಿಮಿಷಗಳಲ್ಲಿ ಮಿಶ್ರಣ ಬಿಗಿದುಕೊಂಡು ಕೆಲಸಕ್ಕೆ ಬಾರದೆ ಹೋಗುತ್ತದೆ.

೧೮೨೪ರಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದ ಜೋಸೆಫ್ ಆಸ್ಪ್ಡಿನ್ ಎಂಬ ಗಾರೆ ಕೆಲಸಗಾರನು ಇಂತಹ ಪುಡಿಯೊಂದಕ್ಕೆ ಪೇಟೆಂಟ್ ಪಡೆದನು. ಗಟ್ಟಿಯಾದ ಮೇಲೆ ಅದು ಅಲ್ಲಿಯ ಪ್ರಸಿದ್ಧ ಪೋರ್ಟ್‌ಲ್ಯಾಂಡ್ ಕಲ್ಲಿನಂತೆ ಕಾಣುತ್ತದೆಂದು ಅದಕ್ಕೆ ‘ಪೋರ್ಟ್‌ಲ್ಯಾಂಡ್ ಸಿಮೆಂಟು’ ಎಂದು ಹೆಸರಿಟ್ಟನು. ಇಂದಿನ ಸಿಮೆಂಟು ಅವನದಕ್ಕಿಂತ ಹೆಚ್ಚಿನ ಉಷ್ಣತೆಯಲ್ಲಿ ಬೆಂದದ್ದು; ಹೆಸರು ಮಾತ್ರ ಹಾಗೆಯೇ ಉಳಿದಿದೆ.

ಸಿಮೆಂಟು ಒಣಗಿ ಗಟ್ಟಿಯಾಗುತ್ತದೆ ಎಂದು ಅನೇಕರು ನಂಬಿದ್ದಾರೆ. ಇದು ಸರಿಯಲ್ಲ. ಕೆಸರು ಒಣಗಿ ಗಟ್ಟಿಯಾಗುತ್ತದೆ; ಮಳೆ ಬಂದರೆ ಅದು ಮತ್ತೆ ಕೆಸರೇ. ಬೆಲ್ಲದ ಪಾಕ ಆರಿ ಗಟ್ಟಿಯಾಗುತ್ತದೆ. ಕಾಯಿಸಿದರೆ ಮತ್ತೆ ಕರಗುತ್ತದೆ. ಸಿಮೆಂಟಿನಲ್ಲಾದರೋ ನಡೆಯುವುದು ರಾಸಾಯನಿಕ ಕ್ರಿಯೆ. ಅದರಲ್ಲಿರುವ ಕ್ಯಾಲ್ಸಿಯಂ ಸಿಲಿಕೇಟುಗಳು ನೀರಿನೊಡನೆ ಕೂಡಿ ಹೊಸದೊಂದು ವಸ್ತುವನ್ನು ಉಂಟುಮಾಡುತ್ತವೆ. ಇದರ ಅತಿ ಸೂಕ್ಷ್ಮ ಕಣಗಳು ಒಂದರೊಡನೊಂದು ಹೆಣೆದುಕೊಂಡು ಮರಳನ್ನೂ ಜಲ್ಲಿಯನ್ನೂ ಬಿಗಿಯಾಗಿ ಹಿಡಿಯುತ್ತವೆ. ಹೀಗೆ ಕೂಡಿದ ನೀರು ಆವಿಯಾಗಿ ಹೋಗಿಲ್ಲ. ಕಲ್ಲಿನ ಒಂದು ಅಂಗವೇ ಆಗಿದೆ. ಆದುದರಿಂದಲೇ ಕಾಂಕ್ರೀಟು ನೀರಿನ ಅಡಿಯಲ್ಲಿಯೂ ಗಟ್ಟಿಯಾಗಬಲ್ಲದು.

ಈ ಕ್ರಿಯೆ ಬಲು ನಿಧಾನ. ಕಾಂಕ್ರೀಟು ಕೆಲವು ಗಂಟೆಗಳಲ್ಲಿ ಬಿಗಿಯುತ್ತದೆಯಾದರೂ ಅದರ ಬಲವನ್ನು ಎಂಜಿನಿಯರುಗಳು ಅಳೆಯುವುದು ೨೮ನೆಯ ದಿನ. ನಡುವೆ ನೀರು ಆರಿಹೋದರೆ ಕ್ರಿಯೆ ಅರ್ಧಕ್ಕೆ ನಿಲ್ಲುತ್ತದೆ, ಮೇಲ್ಮೈ ಬಿರುಕುಬಿಡುತ್ತದೆ. ಹೊಸ ತಾರಸಿಯ ಮೇಲೆ ಚಿಕ್ಕ ಬದುಗಳನ್ನು ಕಟ್ಟಿ ನೀರು ನಿಲ್ಲಿಸುವುದು, ಕಂಬಗಳಿಗೆ ಒದ್ದೆ ಗೋಣಿ ಸುತ್ತುವುದು ಈ ಕಾರಣದಿಂದ. ಸಾಧಾರಣ ಸಿಮೆಂಟಿಗೆ ಕನಿಷ್ಠ ೭ ದಿನ, ಬೂದಿ ಮೊದಲಾದವು ಬೆರೆತ ಸಿಮೆಂಟಿಗೆ ಕನಿಷ್ಠ ೧೦ ದಿನ ಹೀಗೆ ತೇವವನ್ನು ಕಾಪಾಡಬೇಕು.

ಹಾಗಾದರೆ ಕಲಸುವಾಗಲೇ ಧಾರಾಳವಾಗಿ ನೀರು ಹಾಕಿದರೆ ಆಗದೆ? ಆಗದು. ಸಿಮೆಂಟು ತನ್ನ ತೂಕದ ಸುಮಾರು ಕಾಲುಭಾಗದಷ್ಟು ನೀರನ್ನು ಮಾತ್ರ ರಾಸಾಯನಿಕವಾಗಿ ಕೂಡಿಸಿಕೊಳ್ಳುತ್ತದೆ. ಮಿಶ್ರಣ ಸರಾಗವಾಗಿ ಹರಡಬೇಕಾದುದರಿಂದ ಇನ್ನಷ್ಟು ಬೇಕಾಗುತ್ತದೆ. ೫೦ ಕಿಲೋಗ್ರಾಮಿನ ಒಂದು ಚೀಲಕ್ಕೆ ೨೫ ಲೀಟರ್ ನೀರೆಂಬುದು ಬಳಕೆಯಲ್ಲಿರುವ ಒಂದು ಅಳತೆ. ಅದನ್ನು ಮೀರಿದ ನೀರು ಕೊನೆಗೆ ಹೊರಗೆ ಹೋಗುತ್ತದೆ. ತಾನಿದ್ದ ಜಾಗದಲ್ಲಿ ಕಣ್ಣಿಗೆ ಕಾಣದ ರಂಧ್ರಗಳನ್ನು ಬಿಟ್ಟುಹೋಗುತ್ತದೆ. ನೀರಿನ ಮತ್ತು ಸಿಮೆಂಟಿನ ಪ್ರಮಾಣಗಳ ಅನುಪಾತ ಹೆಚ್ಚಿದಂತೆ ಕಾಂಕ್ರೀಟಿನ ಬಲ ಕುಗ್ಗುವುದೆಂದು ಅಮೆರಿಕದ ಡಫ್ ಏಬ್ರಮ್ಸ್ ೧೯೧೮ರಲ್ಲಿ ತೋರಿಸಿಕೊಟ್ಟನು. ಕೆಲಸ ಹಗುರವಾಗಲೆಂದು ಸುರಿದ ಒಂದು ಕೊಡ ನೀರು ಸಿಮೆಂಟನ್ನು ಕದ್ದಷ್ಟೇ ಹಾನಿಯನ್ನು ಮಾಡಬಲ್ಲದು.

ಅಂಟೇ ಇಷ್ಟು ಗಟ್ಟಿಯಾಗುವುದಾದರೆ ಜಲ್ಲಿ, ಮರಳುಗಳೇಕೆ? ಬೆಲೆ ಒಂದು ಕಾರಣ. ಎರಡನೆಯದಾಗಿ, ಬರಿಯ ಸಿಮೆಂಟು ಆರುವಾಗ ಬಹಳ ಕುಗ್ಗಿ ಸೀಳುತ್ತದೆ. ಕುಗ್ಗದ ಕಲ್ಲುಗಳು ಅದನ್ನು ತಡೆಯುತ್ತವೆ. ಮೂರನೆಯದು ಶಾಖ. ಸಿಮೆಂಟು ನೀರಿನೊಡನೆ ಕೂಡುವಾಗ ಶಾಖ ಹೊರಡುತ್ತದೆ. ಅಮೆರಿಕದ ಕೊಲರಾಡೊ ನದಿಗೆ ಅಡ್ಡಲಾಗಿ ೧೯೩೩ರಿಂದ ೧೯೩೫ರವರೆಗೆ ಹೂವರ್ ಅಣೆಕಟ್ಟಿನ ಕಾಂಕ್ರೀಟನ್ನು ಸುರಿದಾಗ, ಅದು ತಾನಾಗಿ ತಣಿಯಲು ನೂರು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯುವುದೆಂದು ಎಂಜಿನಿಯರುಗಳು ಲೆಕ್ಕಹಾಕಿದರು. ಅದಕ್ಕಾಗಿ ಒಳಗೆ ಕೊಳವೆಗಳನ್ನು ಹುದುಗಿಸಿ ತಣ್ಣೀರನ್ನು ಹರಿಸಿದರು. ಅಂಟು ಅಗತ್ಯಕ್ಕಿಂತ ಹೆಚ್ಚಾದರೆ ಈ ಶಾಖವೂ ಹೆಚ್ಚುತ್ತದೆ.

ಅಂಟಿನ ಪಾಲನ್ನು ಮಿತಗೊಳಿಸಲು ಇಂದು ಇನ್ನೂ ದೊಡ್ಡ ಕಾರಣವಿದೆ. ಸುಣ್ಣಕಲ್ಲು ಬಿಡುವ ಅನಿಲ, ಕುಲುಮೆಯ ಇಂಧನ ಇವೆರಡೂ ಸೇರಿ ಮನುಷ್ಯನು ವಾತಾವರಣಕ್ಕೆ ಸೇರಿಸುವ ಇಂಗಾಲದ ಡೈಆಕ್ಸೈಡಿನಲ್ಲಿ ನೂರಕ್ಕೆ ಸುಮಾರು ೭ರಿಂದ ೮ ಪಾಲು ಸಿಮೆಂಟಿನ ತಯಾರಿಕೆಯಿಂದಲೇ ಬರುತ್ತದೆ. ಆದುದರಿಂದ ಕ್ಲಿಂಕರಿನ ಒಂದು ಭಾಗಕ್ಕೆ ಬದಲಾಗಿ ಉಷ್ಣವಿದ್ಯುತ್ ಸ್ಥಾವರಗಳ ಹಾರುಬೂದಿಯನ್ನೋ ಕಬ್ಬಿಣದ ಕುಲುಮೆಯ ಕಿಟ್ಟವನ್ನೋ ಬೆರೆಸುತ್ತಾರೆ. ಈ ಉಪಾಯದ ತತ್ತ್ವ ನಮ್ಮ ನಾಡಿಗೆ ಹೊಸದಲ್ಲ. ೧೯೧೧ರಲ್ಲಿ ಕೆಲಸ ಆರಂಭವಾದ ಕೃಷ್ಣರಾಜಸಾಗರದ ಅಣೆಕಟ್ಟು ಸಿಮೆಂಟಿನದೂ ಅಲ್ಲ, ಕಾಂಕ್ರೀಟಿನದೂ ಅಲ್ಲ. ಕಲ್ಲುಗಳನ್ನು ಸುರ್ಕಿ ಗಾರೆಯಿಂದ ಜೋಡಿಸಿ ಕಟ್ಟಿದ್ದು. ಸುರ್ಕಿಯೆಂದರೆ ಸುಟ್ಟ ಜೇಡಿಯ ಪುಡಿ. ಅದು ಸುಣ್ಣದೊಡನೆ ಕೂಡಿ ನೀರಿಗೆ ಜಗ್ಗದ ಅಂಟಾಗುತ್ತದೆ. ಸಿಮೆಂಟು ಬಿಡುಗಡೆ ಮಾಡುವ ಸುಣ್ಣದೊಡನೆ ಹಾರುಬೂದಿ ಕೂಡುವ ಬಗೆಯೂ ಇಂಥದೇ.

ಇಷ್ಟನ್ನು ತಿಳಿದ ಮೇಲೆ ಎರಡು ಹೆಸರುಗಳ ಭೇದವು ಬರಿಯ ಮಾತಿನ ಭೇದವಲ್ಲವೆಂಬುದು ವಿದ್ಯಾರ್ಥಿಗಳಿಗೆ ಸ್ಪಷ್ಟವಾಗಬಹುದು. ಸಿಮೆಂಟನ್ನು ಪರೀಕ್ಷಿಸಿ ಚೀಲದಲ್ಲಿ ತುಂಬಿ ಕಳುಹಿಸುವ ಹೊಣೆ ಕಾರ್ಖಾನೆಯದು. ಎಷ್ಟು ಉತ್ತಮ ಸಿಮೆಂಟನ್ನು ತಂದರೂ ನೀರಿನ ಅಳತೆ ತಪ್ಪಿದರೆ, ತೇವವನ್ನು ಕಾಪಾಡದಿದ್ದರೆ, ದೊರೆಯುವುದು ದುರ್ಬಲ ಕಾಂಕ್ರೀಟೇ. ಆ ತಾರಸಿಯ ಕೆಳಗೆ ಮಲಗುವವರ ಕ್ಷೇಮವು ಚೀಲದ ಮೇಲಿನ ಹೆಸರನ್ನು ಮಾತ್ರವಲ್ಲ, ಮಿಶ್ರಣವನ್ನು ಕಲಸಿ ನೀರುಣಿಸಿದ ಕೈಗಳನ್ನೂ ಅವಲಂಬಿಸಿದೆ.