ಟೈರಿನಷ್ಟೆತ್ತರದ ಒಡ್ಡು

2025ರ ಜನವರಿ 22ರ ನಸುಕು. ಸವಣೂರಿನಿಂದ ಕುಮಟಾ ಸಂತೆಗೆ ಹಣ್ಣು, ತರಕಾರಿ ಹೇರಿಕೊಂಡು ಹೊರಟಿದ್ದ ಲಾರಿ ಯಲ್ಲಾಪುರ ತಾಲ್ಲೂಕಿನ ಗುಳ್ಳಾಪುರದ ಬಳಿ ಕಂದಕಕ್ಕೆ ಬಿತ್ತು. ಅದರಲ್ಲಿದ್ದ ವ್ಯಾಪಾರಿಗಳಲ್ಲಿ ಹತ್ತು ಮಂದಿ ತೀರಿಕೊಂಡರು. ಇನ್ನೊಂದು ವಾಹನಕ್ಕೆ ದಾರಿ ಬಿಡಲು ಹೋಗಿ ಲಾರಿ ಅಂಚಿಗೆ ಸರಿಯಿತು, ಕಣಿವೆ ಕಡೆ ತಡೆಗೋಡೆ ಇರಲಿಲ್ಲ ಎಂದು ಪೊಲೀಸರು ಹೇಳಿದ್ದರು.

ಆ ವಾರವೆಲ್ಲ ಸವಣೂರು, ಶಿಗ್ಗಾವಿ, ಹಾನಗಲ್ ಕಡೆಯ ಚಹಾದಂಗಡಿಗಳಲ್ಲಿ ಕೇಳಿದ ಮಾತು ಒಂದೇ: ಡ್ರೈವರ್ ತಪ್ಪು. ಬಿ.ಇ. ಮೆಕ್ಯಾನಿಕಲ್ ಓದುತ್ತಿರುವ ನನ್ನನ್ನು ಆ ಮಾತಿಗಿಂತ ಹೆಚ್ಚು ಕಾಡಿದ್ದು ಆ ರಸ್ತೆಯ ಅಂಚು. ಅಂಚಿನಲ್ಲಿ ಎಷ್ಟೆತ್ತರದ ತಡೆ ಇರಬೇಕು ಎಂದು ಅಳತೆ ಹಾಕಿ ಬರೆದಿಟ್ಟ ಜಾಗವೊಂದು ನಮ್ಮ ದೇಶದಲ್ಲಿದೆ. ಅದು ತೆರೆದ ಕಲ್ಲಿದ್ದಲು ಗಣಿ.

ಈ ವಿಷಯ ನನಗೆ ತಲುಪಿದ್ದು ಹಿರೇಕೆರೂರಿನ ಸೋದರಮಾವನಿಂದ. ಅವರು ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ಒಂದು ಗಣಿಯಲ್ಲಿ ಡಂಪರ್ ಓಡಿಸುತ್ತಾರೆ. ನಮ್ಮ ಕರ್ನಾಟಕ ವಿದ್ಯುತ್ ನಿಗಮದ ಬರಾಂಜ್ ಕಲ್ಲಿದ್ದಲು ಗಣಿ ಇರುವುದೂ ಅದೇ ಜಿಲ್ಲೆಯಲ್ಲಿ. ಇನ್ನು ದೇಶದ ಗಣಿಗಳಲ್ಲಿ ಓಡುವ ದೈತ್ಯ ಡಂಪರ್‌ಗಳಲ್ಲಿ ಅನೇಕವು ಮೈಸೂರಿನ ಬೆಮೆಲ್ ಕಾರ್ಖಾನೆಯವು. ಹಾಗಾಗಿ ಈ ಗಣಿಗಳು ನಮಗೆ ಅಂದುಕೊಂಡಷ್ಟು ದೂರದವಲ್ಲ.

100 ಟನ್ ವರ್ಗದ ಡಂಪರ್ ಎಂದರೆ ಏನು ಎಂದು ಊಹಿಸಿಕೊಳ್ಳಿ. ತುಂಬಿದಾಗ ಒಟ್ಟು ತೂಕ 150 ಟನ್ ದಾಟುತ್ತದೆ. ಒಂದು ಟೈರಿನ ಎತ್ತರ ಸುಮಾರು 2.7 ಮೀಟರ್, ನಮ್ಮ ಮನೆಯ ತಲೆಬಾಗಿಲಿಗಿಂತ ಹೆಚ್ಚು. ಸುತ್ತಲಿನ ನೆಲಕ್ಕಿಂತ ಎತ್ತರದಲ್ಲಿ ಹೋಗುವ ಗಣಿ ರಸ್ತೆಯ ಅಂಚಿಗೆ ಗಟ್ಟಿ ಒಡ್ಡು ಇರಬೇಕು, ಅದರ ಎತ್ತರ ಅಲ್ಲಿ ಓಡುವ ಅತಿ ದೊಡ್ಡ ವಾಹನದ ಟೈರಿನ ವ್ಯಾಸಕ್ಕಿಂತ ಕಡಿಮೆ ಇರಕೂಡದು, ಮೇಲ್ಭಾಗದ ಅಗಲ ಕನಿಷ್ಠ ಒಂದು ಮೀಟರ್ ಇರಬೇಕು ಎನ್ನುತ್ತದೆ ನಮ್ಮ ಕಲ್ಲಿದ್ದಲು ಗಣಿ ನಿಯಮ. ಅಮೆರಿಕದವರು ಚಕ್ರದ ಅಚ್ಚಿನ ಮಟ್ಟಕ್ಕೇ ತೃಪ್ತರು. ಅಂದರೆ ನಮ್ಮ ಅಳತೆ ಅವರದ್ದರ ದುಪ್ಪಟ್ಟು! ಕಾಗದದ ಮೇಲೆ ನಾವು ಯಾವತ್ತೂ ಬಡವರಲ್ಲ.

ಹಾಗಂತ ಒಡ್ಡು ಕೋಟೆಗೋಡೆಯೇನಲ್ಲ. ಅಷ್ಟು ಭಾರದ ಗಾಡಿ ವೇಗವಾಗಿ ನೇರ ಬಂದು ಗುದ್ದಿದರೆ ಮಣ್ಣಿನ ಒಡ್ಡು ತಡೆಯದು. ಓರೆಯಾಗಿ ಸರಿದ ಚಕ್ರವನ್ನು ಒಳಕ್ಕೆ ತಿರುಗಿಸುವುದು, ಅಂಚು ಬಂತು ಎಂದು ಚಾಲಕನ ಕೈಗೆ ತಿಳಿಸುವುದು ಅದರ ಕೆಲಸ. ಮಣ್ಣು ಸುರಿಯುವ ಜಾಗದಲ್ಲಂತೂ ಹಿಂದಕ್ಕೆ ಬರುತ್ತಾ ಒಡ್ಡಿಗೆ ತಾಗಿಸಿಯೇ ನಿಲ್ಲಿಸುವ ಅಭ್ಯಾಸ ಕೆಲವರಿಗಿರುತ್ತದೆ. ಮಳೆ ಬಿದ್ದು ಅಂಚು ಬಿರುಕು ಬಿಟ್ಟಿದ್ದರೆ ಒಡ್ಡಿನ ಸಮೇತ ಗಾಡಿ ಕೆಳಗೆ. ಅದಕ್ಕೇ ಅಂಚಿಗಿಂತ ದೂರದಲ್ಲಿ ಸುರಿದು, ಆಮೇಲೆ ಡೋಜರ್‌ನಿಂದ ತಳ್ಳುವುದು ಸರಿಯಾದ ಕ್ರಮ.

ಎರಡನೆಯ ಅಪಾಯ ಕಣ್ಣಿನದು. "ಗಾಡಿ ದೊಡ್ಡದಾದಂಗ ಕಣ್ಣು ಸಣ್ಣದಾಗತೈತಿ, ಅಳ್ಯಾ" ಅನ್ನುತ್ತಾರೆ ಮಾವ. ಕ್ಯಾಬಿನ್ ಒಂದು ಬದಿಗೆ, ಅಷ್ಟೆತ್ತರದಲ್ಲಿ. ಮೂತಿಯ ಮುಂದೆ ನಿಂತ ಜೀಪು ಚಾಲಕನಿಗೆ ಕಾಣುವುದಿಲ್ಲ, ಇನ್ನೊಂದು ಬದಿಯ ಮಗ್ಗುಲಂತೂ ಪೂರ್ತಿ ಕತ್ತಲೆ. ಗಣಿಯ ಜೀಪುಗಳ ಮೇಲೆ ಉದ್ದ ಕೋಲಿಗೆ ಬಾವುಟ ಕಟ್ಟಿರುವುದು ಇದಕ್ಕೇ. ಕ್ಯಾಮೆರಾ, ಹತ್ತಿರ ಯಾರಾದರೂ ಬಂದರೆ ಕೂಗುವ ಸೆನ್ಸರ್ ಈಗ ಸಿಗುತ್ತವೆ. ನನ್ನ ಕೇಳಿದರೆ, ಜೀಪಿಗೂ ಡಂಪರಿಗೂ ಬೇರೆ ಬೇರೆ ದಾರಿ ಮಾಡುವುದು ಎಲ್ಲ ಸೆನ್ಸರ್‌ಗಳಿಗಿಂತ ಮೇಲು. ಭೇಟಿಯೇ ಆಗದ ಎರಡು ಗಾಡಿ ಡಿಕ್ಕಿ ಹೊಡೆಯುವುದು ಹೇಗೆ?

ಇಳಿಜಾರಿಗೂ ಲೆಕ್ಕವಿದೆ. ಸಾಮಾನ್ಯವಾಗಿ 16 ಮೀಟರ್ ಮುಂದೆ ಹೋದರೆ ಒಂದು ಮೀಟರ್ ಏರಿಳಿತ, ಅದಕ್ಕಿಂತ ಕಡಿದಾಗಿರಕೂಡದು. ಕಲ್ಲಿದ್ದಲು ಗಣಿ ಹೊಂಡ. ಅಲ್ಲಿ ತುಂಬಿದ ಗಾಡಿ ಹೆಚ್ಚಾಗಿ ಏರುತ್ತದೆ, ಖಾಲಿ ಗಾಡಿ ಇಳಿಯುತ್ತದೆ. ಗುಡ್ಡ ಕಡಿಯುವ ಕಲ್ಲು ಕ್ವಾರಿಯಲ್ಲಿ ಉಲ್ಟಾ: ತುಂಬಿದ ಟಿಪ್ಪರ್ ಇಳಿಯಬೇಕು. ಬ್ರೇಕ್ ಒತ್ತಿದಷ್ಟೂ ಡ್ರಮ್ ಕಾಯುತ್ತದೆ, ಕಾದಷ್ಟೂ ಹಿಡಿತ ಸಡಿಲವಾಗುತ್ತದೆ. ಡೀಸೆಲ್ ಉಳಿಸಲು ನ್ಯೂಟ್ರಲ್ ಹಾಕುವವರು ಇರುವ ಒಂದೇ ಆಸರೆಯಾದ ಎಂಜಿನ್ ತಡೆಯನ್ನೂ ಬಿಟ್ಟುಕೊಡುತ್ತಾರೆ. ದೊಡ್ಡ ಡಂಪರ್‌ಗಳಲ್ಲಿ ಇಳಿಜಾರಿಗೆಂದೇ ರಿಟಾರ್ಡರ್ ಇರುತ್ತದೆ, ಮಾಮೂಲಿ ಹಳೆಯ ಟಿಪ್ಪರಿಗೆ ಆ ಭಾಗ್ಯವಿಲ್ಲ.

ಟ್ರಿಪ್ ಲೆಕ್ಕದಲ್ಲಿ ದುಡ್ಡು ಕೊಡುವ ಕಡೆ ಈ ಎಲ್ಲ ಅಳತೆಗಳೂ ಅಲುಗಾಡುತ್ತವೆ. ಒಂದು ಟ್ರಿಪ್ ಹೆಚ್ಚು ಹೊಡೆದರೆ ಮನೆಗೆ ಒಂದಿಷ್ಟು ಹೆಚ್ಚು ಬರುತ್ತದೆ ಎಂದಾಗ ಯಾರು ತಾನೇ ನಿಧಾನ ಇಳಿಯುತ್ತಾರೆ? ರಾತ್ರಿ ಪಾಳಿಯ ಕೊನೆಯ ಎರಡು ತಾಸು, ಎಸಿ ಕ್ಯಾಬಿನ್ನಿನಲ್ಲಿ ಒಂದೇ ದಾರಿಯನ್ನು ಇಪ್ಪತ್ತನೆಯ ಸಲ ನೋಡುವಾಗ ನಿದ್ದೆ ಹೇಳದೇ ಬರುತ್ತದೆ ಅನ್ನುತ್ತಾರೆ ಮಾವ. ಸೀಟ್ ಬೆಲ್ಟ್ ಹಾಕಿದ್ದರೆ ಗಾಡಿ ಮಗುಚಿದರೂ ಕ್ಯಾಬಿನ್ನಿನೊಳಗೇ ಉಳಿಯಬಹುದು. ಜಿಗಿಯಲು ಹೋದವರು ಗಾಡಿಯ ಕೆಳಗೇ ಸಿಗುವುದುಂಟು.

ಈಗ ನಮ್ಮ ಜಿಲ್ಲೆಗೆ ಬರೋಣ. ಹಾವೇರಿ ಸುತ್ತ ಕಲ್ಲಿದ್ದಲು ಇಲ್ಲ, ಜಲ್ಲಿ ಕ್ರಷರ್‌ಗಳಿವೆ, ಅವಕ್ಕೆ ಕಲ್ಲು ಹೊರುವ ಟಿಪ್ಪರ್‌ಗಳಿವೆ. ಕ್ವಾರಿಯನ್ನು ಗಣಿ ಎಂದು ನಮ್ಮಲ್ಲಿ ಯಾರೂ ಕರೆಯುವುದಿಲ್ಲ. ಆದರೆ 1952ರ ಗಣಿ ಕಾಯ್ದೆಯೇ ಕರೆದಿತ್ತು: ತೆರೆದ ಕಲ್ಲು ಕ್ವಾರಿ ಆರು ಮೀಟರ್‌ಗಿಂತ ಆಳವಾದರೆ, ಅಥವಾ 50ಕ್ಕಿಂತ ಹೆಚ್ಚು ಜನ ಕೆಲಸ ಮಾಡಿದರೆ, ಅಥವಾ ಸ್ಫೋಟಕ ಬಳಸಿದರೆ ಅದಕ್ಕೆ ಆ ಕಾಯ್ದೆಯಿಂದ ವಿನಾಯಿತಿ ಇರಲಿಲ್ಲ. ಮೂರರಲ್ಲಿ ಒಂದಿದ್ದರೂ ಸಾಕಿತ್ತು. ಮದ್ದು ಸಿಡಿಸದ ಕ್ವಾರಿ ಎಷ್ಟಿದ್ದಾವು? ಆದರೂ ಗಣಿ ಸುರಕ್ಷತಾ ಮಹಾನಿರ್ದೇಶನಾಲಯ ಎಂಬ ಕೇಂದ್ರ ಕಚೇರಿ ಧನಬಾದ್‌ನಲ್ಲಿದೆ ಎಂಬುದೇ ಅಲ್ಲಿ ಟಿಪ್ಪರ್ ಓಡಿಸುವ ನನ್ನ ಓರಗೆಯ ಹುಡುಗರಿಗೆ ಗೊತ್ತಿಲ್ಲ.

ಕಲ್ಲಿದ್ದಲು ಗಣಿಯ ಅಳತೆಯನ್ನೇ ಇಲ್ಲಿಗೆ ಹಚ್ಚಿ ನೋಡಿ. ನಮ್ಮ ಟಿಪ್ಪರ್ ಟೈರಿನ ವ್ಯಾಸ ಹೆಚ್ಚುಕಡಿಮೆ ಒಂದು ಮೀಟರ್. ಅಂದರೆ ಬೇಕಾದ ಒಡ್ಡು ಸೊಂಟದ ಎತ್ತರದ್ದು, ಹೊಲಕ್ಕೆ ಬದು ಹಾಕಿದವರಿಗೆ ಹೊಸ ಕೆಲಸವೇನಲ್ಲ. ಅದಕ್ಕೆ ಬೇಕಾದ ಮಣ್ಣನ್ನು ಎಲ್ಲಿಂದಲೋ ತರಬೇಕಿಲ್ಲ. ಕಲ್ಲಿನ ಮೇಲಿಂದ ಕೆರೆದು ಹಾಕಿದ ಮಣ್ಣು ಕ್ವಾರಿಯ ಬಾಯಲ್ಲೇ ಗುಡ್ಡೆ ಬಿದ್ದಿರುತ್ತದೆ, ಪಕ್ಕದಲ್ಲೇ ಜೆಸಿಬಿಯೂ ನಿಂತಿರುತ್ತದೆ.